ಮಿಕ್ಸಿಗೆ ಹಾಕಿದ ಒಬ್ಬಟ್ಟು

ಅಕ್ಷರ ತಪ್ಪಿದ್ದರೆ ಬೈಯಬೇಡಿ ಗೆಳೆಯರೇ. ಓದಿದ್ದು ಐದನೇ ಕ್ಲಾಸು, ಸಾಲದ್ದಕ್ಕೆ ಹಸಿದುಕೊಂಡು ಬರೆಯುತ್ತಿದ್ದೇನೆ.

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಆಗಿ ಇದು ಎರಡನೇ ವಾರ. ಗಂಜಿ ತಿಳಿ, ಸೋಸಿದ ಬೇಳೆಕಟ್ಟು ಬಿಟ್ಟು ಏನೂ ಕೂಡದು. ಮೀರಿದರೆ ಒಳಗೆ ಹಾಕಿದ ಹೊಲಿಗೆ ಬಿಟ್ಟೀತು ಎಂದು ಡಾಕ್ಟರು ಹೆದರಿಸಿದ್ದಾರೆ. ಇವತ್ತು ಬೆಳಿಗ್ಗೆ ಭದ್ರಾವತಿ ನ್ಯೂ ಟೌನಿನಿಂದ ದೊಡ್ಡಮ್ಮ ಶಿವಮೊಗ್ಗಕ್ಕೆ, ನನ್ನನ್ನು ನೋಡಲು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ.

"ದೊಡ್ಡಮ್ಮ, ನಾನು ನೀರಾಗಿರೋದು ಮಾತ್ರ ಕುಡೀಬೇಕು."

"ಗೊತ್ತು ಮಾರಾಯ್ತಿ! ಅದಕ್ಕೇ ಒಬ್ಬಟ್ಟಿಗೆ ಹಾಲು, ತುಪ್ಪ ಹಾಕಿ ಮಿಕ್ಸಿಲಿ ತಿರುಗಿಸ್ಕೊಂಡು ಬಂದಿದೀನಿ. ನೀರಾಗೇ ಇದೆ, ಕುಡಿ."

ಮುಚ್ಚಳ ತೆಗೆದರು. ಏಲಕ್ಕಿ, ತುಪ್ಪದ ವಾಸನೆಗೆ ನನ್ನ ಕಣ್ಣಲ್ಲಿ ನೀರೇ ಬಂತು. ಹಿರಿಯರಿಗೆ ಎದುರಾಡುವವಳಲ್ಲ ನಾನು. ಅಮ್ಮನ ಕಡೆ ನೋಡಿದರೆ ಅವಳೂ ಅಕ್ಕನ ಪಾರ್ಟಿ.

"ಒಂದು ಗುಟುಕಿಗೆ ಏನಾಗುತ್ತೆ? ಪಾಪ, ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದಿದಾಳೆ."

"ಡಾಕ್ಟರು ಬೈತಾರೆ."

"ಡಾಕ್ಟರು ಇಲ್ಲೆಲ್ಲಿದಾರೆ? ಹಸಿದಿರೋ ಮಗು ಮುಂದೆ ಡಬ್ಬಿ ಮುಚ್ಕೊಂಡು ಹೋಗೋಕೆ ನಂಗಾಗಲ್ಲಪ್ಪ!" ಎನ್ನುತ್ತ ದೊಡ್ಡಮ್ಮ ಒಂದು ಲೋಟಕ್ಕೆ ಬಗ್ಗಿಸಿದರು.

ಲೋಟ ತುಟಿಯವರೆಗೂ ಬಂತು. ನನಗೂ ಒಂದು ಕ್ಷಣ ಕುಡಿದೇಬಿಡೋಣ ಅನ್ನಿಸಿತು. ಆಮೇಲೆ ಹೆದರಿಕೆಗೋ ಸಿಟ್ಟಿಗೋ, "ಬೇಡ ಅಂದ್ರೆ ಬೇಡ!" ಎಂದು ಕೂಗಿಬಿಟ್ಟೆ.

"ಆಪರೇಷನ್ ಮಾಡಿಸ್ಕೊಂಡ್ಮೇಲೆ ಬಾಯಿ ಜೋರಾಗಿದೆ," ಎಂದು ದೊಡ್ಡಮ್ಮ ಮುಖ ಊದಿಸಿಕೊಂಡರು.

ನನ್ನ ಹೊಟ್ಟೆಯನ್ನು ಡಾಕ್ಟರು ಚಿಕ್ಕದು ಮಾಡಿದ್ದಾರೆ. ನೆಂಟರ ಲೋಟವನ್ನು ಚಿಕ್ಕದು ಮಾಡುವ ಡಾಕ್ಟರು ಯಾರಾದರೂ ಇದ್ದರೆ ತಿಳಿಸಿ.

ಕೊನೆಗೆ ಒಬ್ಬಟ್ಟನ್ನು ಎರಡು ಲೋಟಕ್ಕೆ ಸುರಿದು ಆ ಅಕ್ಕತಂಗಿಯರ ಕೈಗೇ ಕೊಟ್ಟೆ. ಅವರು ಕುಡಿದು ಮುಗಿಸುವ ತನಕ ಗೋಡೆ ಕಡೆ ತಿರುಗಿ ಕೂತು, ಗಂಜಿ ತಿಳಿಯನ್ನು ಚಮಚದಲ್ಲಿ ಹೀರಿದೆ.