ಶೆಡ್ಡಿನಲ್ಲಿ ಇದ್ದವರ ಪಾಲು

ಮೊನ್ನೆ ಯಲಹಂಕ ಹಳೇ ಊರಿನ ಬೂಸಾ ಅಂಗಡಿಯೊಂದರ ಮುಂದೆ ಹಾದು ಬರುವಾಗ ಆ ಒಣ, ಸಿಹಿ ವಾಸನೆ ಮೂಗಿಗೆ ಬಡಿದು ನನಗೆ ರಾಕ್ ಸಂಗೀತ ನೆನಪಾಯಿತು. ನಗಬೇಡಿ. ನಮ್ಮ ಬ್ಯಾಂಡು ಹುಟ್ಟಿದ್ದೇ ಸೋಲದೇವನಹಳ್ಳಿಯ ಒಂದು ದನದ ಕೊಟ್ಟಿಗೆಯಲ್ಲಿ. ಹಸುಗಳನ್ನು ಹೊಸ ಕೊಟ್ಟಿಗೆಗೆ ಸಾಗಿಸಿದ್ದರು, ಬೂಸಾ ಮೂಟೆಗಳು ಮಾತ್ರ ಅಲ್ಲೇ ಇದ್ದವು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಅದನ್ನು ಶೆಡ್ಡು ಎಂದು ಕರೆದೆವು.

ಯಶವಂತಪುರದಲ್ಲಿ ಮೆಟ್ರೋ ಇನ್ನೂ ಬರೀ ಕಂಬಗಳಾಗಿದ್ದ ಕಾಲ. ನಾವು ಮೂವರು. ಕೊಟ್ಟಿಗೆಯ ಮನೆಯವನಾದ ಮಂಜ ಡ್ರಮ್ಸ್. ಆರ್.ಟಿ. ನಗರದ ಸುನಿಲ ಗಿಟಾರು ಮತ್ತು ಹಾಡು. ನಾನು ಬೇಸ್ ಗಿಟಾರು, ಅಂದರೆ ನಿಲ್ಲಿಸಿದಾಗ ಮಾತ್ರ ಜನಕ್ಕೆ ಗೊತ್ತಾಗುವ ವಾದ್ಯ.

ರಾಯಲ್ಟಿ ಬಂದರೆ ಯಾರಿಗೆ ಎಷ್ಟು ಎಂಬ ಜಗಳ, ಒಂದು ಹಾಡೂ ಹೊರಬರುವ ಮೊದಲೇ ಶುರುವಾಯಿತು. ಸಾಹಿತ್ಯ ಬರೆದವನಿಗೋ, ರಾಗ ಹಾಕಿದವನಿಗೋ? ಮಂಜ ಬಗೆಹರಿಸಿದ.

"ನಮ್ ತಾತ ಕೆರೆ ಮೀನ್ನ ಇಂಗೇ ಅಂಚ್ತಿದ್ದ ಕಣ್ರೋ. ಏರಿ ಮೇಲೆ ನಿಂತೋರಿಗೆಲ್ಲ ಒಂದೇ ಪಾಲು. ಬಲೆ ಎಳೆದ್ಯಾ, ಬೀಡಿ ಸೇದ್ತಾ ಕೂತಿದ್ಯಾ, ಕೇಳಂಗಿಲ್ಲ."

ನಮ್ಮ ನಿಯಮವೂ ಅದೇ ಆಯಿತು. ಹಾಡು ಹುಟ್ಟಿದ ದಿನ ಶೆಡ್ಡಿನಲ್ಲಿ ಇದ್ದವರೆಲ್ಲ ಅದರ ಸಮಾನ ಒಡೆಯರು. ಇಲ್ಲದವನಿಗೆ ಏನೂ ಇಲ್ಲ. ಇದೆಷ್ಟು ಉದಾತ್ತ ಎಂದು ಎಂ.ಎ. ಓದುತ್ತಿದ್ದ ನಾನು ಭಾಷಣವನ್ನೇ ಮಾಡಿದೆ. ನನಗೆ ರಾಗ ಹೊಳೆಯುವುದು ಅಪರೂಪ ಎಂಬುದನ್ನು ಭಾಷಣದಲ್ಲಿ ಸೇರಿಸಲಿಲ್ಲ. ಜ್ವರವಿದ್ದರೂ ಅಭ್ಯಾಸಕ್ಕೆ ಹೋಗುತ್ತಿದ್ದೆ. ಪ್ರೀತಿಯಿಂದಲೋ, ಪಾಲು ತಪ್ಪೀತೆಂದೋ, ಈಗ ಹೇಳಲಾರೆ.

ನಮ್ಮ ಹಾಡುಗಳಲ್ಲಿ ಒಂದೇ ಒಂದು ಓಡಿತು. ಸಿನಿಮಾದವರು ಅದನ್ನು ಕೇಳಿ ಬಂದರು. ಒಡೆಯರ ಹೆಸರು ಕೊಡಬೇಕಾದಾಗ ಸುನಿಲ ಎರಡೇ ಹೆಸರು ಹೇಳಿದ: ತನ್ನದು, ಮಂಜನದು.

"ನಾನು?" ಎಂದೆ.

"ಅವತ್ತು ನೀನೆಲ್ಲಿದ್ದೆ ಮಚ್ಚಾ? ಮುಂದಿನ ವಾರ ಬಂದು ಕಲ್ತೆ."

"ಶುರುವಿನ ಬೇಸ್ ನಂದು ಕಣೋ!"

"ಬಾಯಲ್ಲಿ ಹೇಳ್ಕೊಟ್ಟಿದ್ದು ನಾನು. ರೂಲ್ ಬಗ್ಗೆ ಭಾಷಣ ಬಿಗಿದಿದ್ದು ಯಾರು ಗುರು?"

ಅವತ್ತು ನಾನಿದ್ದೆ. ಮಂಜ ಡ್ರಮ್ಸ್ ಕೋಲು ಬೀಳಿಸಿದ್ದು, ಸುನಿಲ ಸಾಲು ಮರೆತು ನಕ್ಕಿದ್ದು, ಹೊರಗೆ ಟ್ರ್ಯಾಕ್ಟರ್ ಸದ್ದು ನಿಂತೊಡನೆ ನನ್ನ ಬೆರಳು ಆ ಸ್ವರಗಳನ್ನು ಹಿಡಿದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ಮಂಜ ಕೋಲು ಬೀಳಿಸದ ದಿನ, ಸುನಿಲ ನಗದ ದಿನ ಯಾವುದಿತ್ತು? ಒಂದು ವಾರವೂ ತಪ್ಪಿಸದವನಿಗೆ ಎಲ್ಲ ದಿನಗಳೂ ಸೇರಿ ಒಂದೇ ದಿನವಾಗಿಬಿಡುತ್ತವೆ. ಯಾರು ಏನು ಮಾಡಿದರೆಂದು ಕೇಳಬಾರದೆನ್ನುವ ನಿಯಮ ನಮ್ಮದು. ಹಾಗಾಗಿ ಯಾರೂ ಅದನ್ನು ನೆನಪಿಟ್ಟುಕೊಂಡಿರಲಿಲ್ಲ.

ಮಂಜನೊಬ್ಬನನ್ನೇ ಹೆಸರಘಟ್ಟ ರಸ್ತೆಯ ಟೀ ಅಂಗಡಿಗೆ ಕರೆದು ಕೇಳಿದೆ. ಅವನು ಸುಳ್ಳು ಹೇಳುವವನಲ್ಲ, ಅದೇ ನನ್ನ ಧೈರ್ಯ.

"ನನ್ ಪಾಲಲ್ಲಿ ಅರ್ಧ ತಗೋ ಮಗಾ. ಬಂದಾಗೆಲ್ಲ ಕೊಡ್ತೀನಿ, ಅಮ್ಮನಾಣೆ."

"ದುಡ್ಡಲ್ಲ ಮಂಜ. ನಾನಿದ್ದೆ ಅಂತ ಹೇಳು, ಸಾಕು."

"ಅದೊಂದ್ ಕೇಳ್ಬೇಡ. ನೀನ್ ಇರ್ಲಿಲ್ಲ ಕಣೋ."

ಆಮೇಲೆ ನಾನು ಶೆಡ್ಡಿಗೆ ಹೋಗಲಿಲ್ಲ. ಅರ್ಧ ಪಾಲು ಬೇಡವೆಂದದ್ದು ಸ್ವಾಭಿಮಾನವೆಂದು ವರ್ಷಗಟ್ಟಲೆ ಹೇಳಿಕೊಂಡೆ. ತೆಗೆದುಕೊಂಡಿದ್ದರೆ ಅವತ್ತು ನಾನಿರಲಿಲ್ಲವೆಂದು ಒಪ್ಪಿದಂತಾಗುತ್ತಿತ್ತು, ಅಷ್ಟೇ.

ಮೊನ್ನೆ ಮನೆಯತ್ತ ನಡೆಯುತ್ತ, ಎಂದಿನಂತೆ ಆ ದಿನವನ್ನು ಮನಸ್ಸಿಗೆ ತಂದುಕೊಂಡೆ. ಮಂಜನಿದ್ದ, ಸುನಿಲನಿದ್ದ. ಇಷ್ಟು ವರ್ಷ ಅವರಿಬ್ಬರ ನಡುವೆ ನನ್ನನ್ನು ನಿಲ್ಲಿಸುತ್ತಿದ್ದೆ. ಮೊನ್ನೆ ನಿಲ್ಲಿಸಲಾಗಲಿಲ್ಲ. ಅವರು ಹೇಳಿದ್ದೇ ನಿಜವಿರಬೇಕೆಂದಲ್ಲ. ಅವರ ಮಾತನ್ನು ನನ್ನೊಳಗೇ ಅಷ್ಟು ಸಲ ಕೇಳಿ ಕೇಳಿ, ಈಗ ನನ್ನ ನೆನಪೂ ಅವರ ಕಡೆ ವಾಲಿರಬಹುದು.

ಮಂಜನ ನಂಬರು ಫೋನಿನಲ್ಲಿದೆ. ಕರೆ ಮಾಡಿ "ಬಿಡು, ನಾನಿರಲಿಲ್ಲ" ಎನ್ನಬಹುದು. ಅವನಿಗೆ ದೊಡ್ಡ ಸಮಾಧಾನವಾಗುತ್ತದೆ, ಗೊತ್ತು. ಆ ಸಮಾಧಾನವನ್ನು ಮಾತ್ರ ಅವನಿಗೆ ಕೊಡಲಾರೆ.