ನಮ್ಮ ಮನೆತನದ ಕತ್ತಿ

ಟೊಮೆಟೊ ಹೆಚ್ಚಲು ಕೂತರೂ ಬೆರಳು ಕೊಯ್ದುಕೊಳ್ಳುವ ನನ್ನ ಮನೆತನದ ಅಡ್ಡಹೆಸರು ಕತ್ತಿ. ಬೇರೆ ಊರಿನ ಕತ್ತಿಯವರ ಕಥೆ ಬೇರೆ ಇದ್ದೀತು. ನಾನು ಹೇಳುತ್ತಿರುವುದು ನಮ್ಮ ಮನೆಯ ಸಂಗತಿ.

ಅಪ್ಪನದು ಕೊಟ್ಟೂರಿನಲ್ಲಿ, ಮನೆಯ ಮುಂಭಾಗದಲ್ಲೇ, ಬಟ್ಟೆ ಅಂಗಡಿ. ನಮ್ಮ ಹಿರಿಯರು ಪಾಳೇಗಾರರ ದಂಡಿನಲ್ಲಿದ್ದರೆಂದು ಅಂಗಿ ಬಟ್ಟೆ ಅಳೆಯುತ್ತಲೇ ಗಿರಾಕಿಗಳಿಗೆ ಹೇಳುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಎಲ್ಲರೂ ಸಿದ್ಧ ಉಡುಪು ಕೊಳ್ಳತೊಡಗಿದ ಮೇಲೆ ಅವರಿಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ. "ನಮ್ಮ ಮೂಲ ಕೋಗಳಿ. ಅಲ್ಲಿ ನಮ್ಮವರ ವೀರಗಲ್ಲು ಇದ್ದೇ ಇರತೈತಿ, ಹುಡುಕಿಕೊಂಡು ಬಾ" ಎಂದು ಒಂದು ದಿನ ನನ್ನನ್ನು ಅಟ್ಟಿದರು.

ಬಸ್ಸು ಹತ್ತಿದೆ. ಕೋಗಳಿಯಲ್ಲಿ ಇಳಿದು ಕಂಡ ಕಲ್ಲುಗಳನ್ನೆಲ್ಲ ಸವರಿ ನೋಡಿದೆ. ಒಬ್ಬ ವೀರನ ಮೂಗು ಥೇಟ್ ನನ್ನದೇ! ಖುಷಿಯಲ್ಲಿ ಅದೇ ಊರಿನಲ್ಲಿದ್ದ ಅಪ್ಪನ ಸೋದರತ್ತೆ ಗೌರಜ್ಜಿಯ ಮನೆಗೆ ಓಡಿದೆ.

"ಅಜ್ಜಿ, ನಮ್ಮವರ ಕತ್ತಿ ಈಗ ಎಲ್ಲಿ ಅದಾವು?"

"ಅಯ್ಯ, ಅವು ಸತ್ತು ಯಾವ ಕಾಲಾತು!"

ಕತ್ತಿ ಸಾಯುವುದುಂಟೆ? "ತುಕ್ಕು ಹಿಡಿದ್ವೇನು?" ಎಂದೆ.

"ತುಕ್ಕಲ್ಲಲೇ, ಮುಪ್ಪು! ನಾಕು ಕಾಲಿನ ಕತ್ತಿ ಅವು, ಒದರೋ ಕತ್ತಿ!"

ಮನೆಯನ್ನು ಮನಿ, ಸಂತೆಯನ್ನು ಸಂತಿ ಎನ್ನುವ ನಮ್ಮ ಬಾಯಲ್ಲಿ ಕತ್ತೆ ಇನ್ನೇನಾಗಬೇಕು? ಇಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ.

ಅಜ್ಜಿಯ ಅಪ್ಪ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ಮಾರುತ್ತಿದ್ದನಂತೆ. "ಹೊಳಲಿನಾಗ ನಮ್ಮವ್ವನ್ನ ಮದಿವಿ ಮಾಡಿಕೊಂಡು ಬರೋವಾಗ ಹಾದ್ಯಾಗ ಆಕಿ ಕಾಲು ಉಳುಕ್ತು. ಕತ್ತಿ ಮ್ಯಾಲೆ ಕುಂದ್ರಿಸಿ, ತಾನು ಹಗ್ಗ ಹಿಡಕೊಂಡು ನಡದ. ಮಂದಿ ನಕ್ಕರು, ಕತ್ತ್ಯಾರು ಅಂತ ಹೆಸರಿಟ್ಟರು. ಅಂದ್ರ ಅನ್ಲಿ ಅಂತ ಅದನ್ನ ಇಟ್ಟುಕೊಂಡ."

ನನ್ನ ಪಾಲಿಗೆ ದಂಡು, ಪಾಳೇಗಾರ ಯಾವುದೂ ಇದರ ಮುಂದೆ ನಿಲ್ಲಲಿಲ್ಲ. ಆದರೆ ಅಪ್ಪನಿಗೆ ಹೇಳುವುದು ಹೇಗೆ? ದಾರಿಯುದ್ದಕ್ಕೂ ಒಂದೆರಡು ಸುಳ್ಳು ಹೊಸೆದೆ. ಅಂಗಡಿಯ ಕಟ್ಟೆಯ ಮೇಲೇ ಕಾಯುತ್ತಿದ್ದ ಅವರ ಮುಖ ನೋಡಿ ಎಲ್ಲವೂ ಮರೆತುಹೋಗಿ, ನಿಜವನ್ನೇ ಹೇಳಿಬಿಟ್ಟೆ.

ಅಪ್ಪ ಕೈಯಲ್ಲಿದ್ದ ಅಳತೆಗೋಲನ್ನು ಬದಿಗಿಟ್ಟರು. ಆಮೇಲೆ ಕೇಳಿದರು: "ಹೊಳಲಿನ ಹಾದಿ ಅಷ್ಟೂ ತಾನು ನಡಕೊಂತ ಬಂದನೇನು?"

"ಹೂಂ."

ಅಪ್ಪ ಒಳಮನೆಯತ್ತ ತಿರುಗಿ ಕೂಗಿದರು: "ಏ ಇವಳೆ, ನಾಳೆ ಅಂಗಡಿ ಬಂದ್. ಹೊಳಲಿಗೆ ಹೋಗಿ ಅನಂತಶಯನನ ಗುಡಿ ನೋಡಿ ಬರೋಣು, ನೀನು ನಾನು."

ಮದುವೆಯಾದಂದಿನಿಂದ ಅವ್ವನನ್ನು ಎಲ್ಲಿಗೂ ಕರೆದೊಯ್ಯದ ಮನುಷ್ಯ! ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವ್ವ ಮೆಲ್ಲಗೆ ಅಂದಳು:

"ಬಸ್ಸಿಗೇ ಹೋಗೋದು, ಹೌದಲ್ರಿ?"