ತೂತಿರುವ ಬೋಲ್ಟು

ಶಿವನಿ ಸ್ಟೇಷನ್ ರಸ್ತೆಯಲ್ಲಿ ಮೂವತ್ತೆರಡು ವರ್ಷ ಸೈಕಲ್ ಶಾಪ್ ನಡೆಸಿದ ರಾಮಯ್ಯ ಮಾತಿನಲ್ಲಿ ಒರಟ, ಕೆಲಸದಲ್ಲಿ ನಯ. ಸಂಘದ ಧರಣಿಗೆ ಹೊರಟ ನಮ್ಮ ಸೈಕಲ್ಲುಗಳಿಗೆಲ್ಲ ಪುಕ್ಕಟೆ ಗಾಳಿ ಹಾಕಿದವನು. ಭಾಷಣ ಕೇಳಲು ಮಾತ್ರ ಒಂದು ದಿನವೂ ಬಂದವನಲ್ಲ.

ಹೋದ ಏಪ್ರಿಲ್ ಹದಿನಾಲ್ಕಕ್ಕೆ ನಮ್ಮ ಕೇರಿಯಲ್ಲಿ ಓದುವ ಕೋಣೆ ತೆರೆಯುವುದೆಂದಾಯಿತು. ಅದರ ಉಸ್ತುವಾರಿ ನಮ್ಮ ಸಂಘದ ಹುಡುಗ ರಘುವಿನದು. ಮೇಜಿನ ದೀಪವನ್ನು ಅಂಗಡಿಯಿಂದ ತರುತ್ತೇನೆಂದ. ಅಂದು ಮಾತ್ರ ಸಭೆಗೆ ಬಂದಿದ್ದ ರಾಮಯ್ಯ ನಡುವೆ ಎದ್ದು ನಿಂತ.

"ಪ್ಲಾಸ್ಟಿಕ್ಕು ಬ್ಯಾಡ ಕಣೋ. ನಮ್ಮಪ್ಪನ ಕೂರಿಗೆ ಬಟ್ಟಲು ಅಟ್ಟದ ಮ್ಯಾಲೈತೆ. ಬೋರಲು ಹಾಕಿ ದೀಪ ಮಾಡ್ಕೊಡ್ತೀನಿ. ಮ್ಯಾಲೆ ಒಂದೆಳೆ ವೈರು ಕಾಣಂಗಿಲ್ಲ."

"ಆಗ್ಲಿಲ್ಲಾಂದ್ರೆ ನಾನು ತಂದಿದ್ದೇ ಇಡೋದು ತಾತ," ಎಂದ ರಘು.

ಆ ಮರದ ಬಟ್ಟಲಿನಿಂದ ಬೀಜ ಬಿತ್ತಿದವನು ರಾಮಯ್ಯನ ಅಪ್ಪ, ಫಸಲು ಮನೆಗೆ ಸಾಗಿಸಿದವರು ಬೇರೆಯವರು. ಈಗ ಅದು ಪುಸ್ತಕದ ಪಕ್ಕ ಕೂರಬೇಕೆಂಬುದು ಮಗನ ಹಟ.

ಬಟ್ಟಲನ್ನು ಉಜ್ಜಿ ಎಣ್ಣೆ ಹಚ್ಚಿದ. ಮೇಲೆ ಬಲ್ಬಿನ ಹೋಲ್ಡರ್ ಬಿಗಿಯಲು ಬೋಲ್ಟು ಬೇಕು, ವೈರು ಆ ಬೋಲ್ಟಿನ ಹೊಟ್ಟೆಯೊಳಗೇ ಇಳಿಯಬೇಕು. ಕಡೂರಿನ ಹಾರ್ಡ್‌ವೇರ್ ಅಂಗಡಿಯ ಮೀನಾಕ್ಷಮ್ಮ ಕನ್ನಡಕ ಏರಿಸಿ ನೋಡಿದರು.

"ತೂತಿರೋ ಬೋಲ್ಟಾ? ತೂತಿದ್ರೆ ನಾವೇ ವಾಪಸ್ ಕಳಿಸ್ತೀವಿ ಕಣ್ರೀ."

ತರೀಕೆರೆಯ ಲೇತ್‌ನವನು ಗಟ್ಟಿ ಬೋಲ್ಟಿಗೇ ತೂತು ಕೊರೆಯಲು ಹೋಗಿ ಎರಡು ಡ್ರಿಲ್ ಬಿಟ್ ಮುರಿದುಕೊಂಡ. ಮೂರನೆಯದನ್ನು ಮುಟ್ಟದೆ ಟೀ ಕುಡಿಸಿ ಕಳಿಸಿದ. ಅಜ್ಜಂಪುರದಲ್ಲೂ ಸಿಗಲಿಲ್ಲ. ಕೊನೆಗೆ ರಾಮಯ್ಯ ಬಟ್ಟಲಿನ ತಳ ಕೊರೆದು ಪೆನ್ನಿನ ಕೊಳವೆ ತೂರಿಸಿ ಅಂಟು ಹಾಕಿದ. ಬಲ್ಬು ಹಾಕಿದ್ದೇ ತಡ, ಹೋಲ್ಡರ್ ಕುಡುಕನಂತೆ ವಾಲಿತು.

ಹದಿಮೂರರ ಬೆಳಿಗ್ಗೆ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಹೆಂಡತಿ ದ್ಯಾವಮ್ಮ ಹೀರೆ ಚಪ್ಪರ ಕಟ್ಟಲು ಹಳೇ ಸೈಕಲ್ ಟ್ಯೂಬು ಸೀಳುತ್ತಿದ್ದಳು. ನಮ್ಮ ಕಡೆ ಟ್ಯೂಬು ಸತ್ತ ಮೇಲೇ ಹೆಚ್ಚು ದುಡಿಯುವುದು. ಮುರಿದ ಗೇಟಿಗೂ ಅದೇ ಕಟ್ಟು, ಸೌದೆ ಹೊರೆಗೂ ಅದೇ. ಗಾಳಿ ಹಾಕುವ ವಾಲ್ವು ಮಾತ್ರ ಯಾರಿಗೂ ಬೇಡ. ದ್ಯಾವಮ್ಮ ಕತ್ತರಿಸಿ ಎಸೆದದ್ದು ಗಂಡನ ಕಾಲಿಗೆ ಬಡಿಯಿತು.

"ಲೇ, ನೋಡ್ಕೊಂಡು ಎಸಿಯೇ."

"ನೀನೇ ನೋಡು. ಹಿತ್ತಾಳೆ ಐತೆ, ನಟ್ಟೈತೆ, ನಡುವೆ ತೂತೂ ಐತೆ. ಮೂರೂರು ಸುತ್ತಿದ್ದು ಇದುಕ್ಕೇ ಅಲ್ವಾ?"

"ಅದು ಗಾಳಿಗೆ ಕಣೇ."

"ಗಾಳಿ ಹೋಗೋ ದಾರೀಲಿ ವೈರು ಹೋದ್ರೆ ನಿಮ್ಮಪ್ಪನ ಗಂಟು ಹೋಗುತ್ತಾ?"

ರಾಮಯ್ಯ ವಾಲ್ವನ್ನು ಕೈಗೆತ್ತಿಕೊಂಡ. ಅಂಥ ವಾಲ್ವುಗಳನ್ನು ಸಾವಿರಗಟ್ಟಲೆ ಕಿತ್ತು ಬೀದಿಗೆಸೆದ ಕೈ ಅದು. ಒಳಗಿನ ಪಿನ್ನು ತೆಗೆದ, ಬುಡದ ರಬ್ಬರು ಕೆರೆದ, ಒಮ್ಮೆ ಊದಿ ವೈರು ತೂರಿಸಿದ. ಸಲೀಸಾಗಿ ಆಚೆ ಬಂತು. ಪೆನ್ನಿನ ಕೊಳವೆ ಕಿತ್ತು, ಬಟ್ಟಲಿನ ತೂತಿಗೆ ವಾಲ್ವು ಇಳಿಸಿ, ಹೋಲ್ಡರ್ ಕೂರಿಸಿ ನಟ್ಟು ಬಿಗಿದ. ಕೂದಲೆಳೆಯಷ್ಟೂ ಅಲುಗಲಿಲ್ಲ.

ಮರುದಿನ ಸಂಜೆ ಓದುವ ಕೋಣೆಯಲ್ಲಿ ರಘು ದೀಪದ ಸುತ್ತ ಎರಡು ಸಲ ಸುತ್ತಿದ. ಅಂಗಡಿಯಿಂದ ತಂದಿದ್ದ ದೀಪದ ಡಬ್ಬವನ್ನು ಬಿಚ್ಚದೆ ಕಾಲಿನಿಂದ ಮೇಜಿನಡಿ ತಳ್ಳಿದ.

"ತಾತ, ಆ ಬೋಲ್ಟು ಕೊನೆಗೆ ಎಲ್ಲಿ ಸಿಕ್ತು?"

ರಾಮಯ್ಯ ಹೆಂಡತಿಯ ಕಡೆ ಗಲ್ಲ ತೋರಿಸಿದ. "ಅಂಗಡಿಯೋಳು ಅಲ್ಲಿ ಕೂತವ್ಳೆ, ಅವಳನ್ನೇ ಕೇಳು."

"ಇನ್ನೂ ಎಂಟು ಮಡಗಿದೀನಿ ಕಣಪ್ಪ," ಎಂದಳು ದ್ಯಾವಮ್ಮ.